ಶೀತ-ಕೆಮ್ಮಿಗೆ ಸುಗಂಧ ತೈಲಗಳು: ಎಷ್ಟು ಉಪಯೋಗ, ಎಷ್ಟು ಅಪಾಯ?



ನಮ್ಮ ಹರವೆ ಹೋಬಳಿಯಲ್ಲಾಗಲಿ, ಗುಂಡ್ಲುಪೇಟೆಯ ಕಡೆಯಲ್ಲಾಗಲಿ ನೀಲಗಿರಿ ಎಣ್ಣೆಯ ಸೀಸೆ ಕಾಣದ ಮನೆ ಅಪರೂಪ. ಬಂಡೀಪುರ ದಾಟಿ ಊಟಿಗೆ ಹೋದವರು ಮರಳುವಾಗ ಒಂದು ಸೀಸೆ ತರುವುದು ವಾಡಿಕೆ. ಮೂಗು ಕಟ್ಟಿದರೆ ಕರವಸ್ತ್ರಕ್ಕೆ ಎರಡು ತೊಟ್ಟು, ತಲೆ ಭಾರವಾದರೆ ಬಿಸಿನೀರಿನ ಪಾತ್ರೆಗೆ ನಾಲ್ಕು ತೊಟ್ಟು, ಮಗು ಕೆಮ್ಮಿದರೆ ಎದೆಗೆ ಒಂದಿಷ್ಟು. ಹೀಗೆ ಈ ಸೀಸೆ ಮನೆಯ ಸಣ್ಣ ವೈದ್ಯನಾಗಿದೆ. ಕೋವಿಡ್ ಬಂದ 2020 ಮತ್ತು 2021ರಲ್ಲಂತೂ ಈ ವೈದ್ಯನ ಮೇಲೆ ಜನ ಪ್ರಾಣವನ್ನೇ ಒಪ್ಪಿಸಿದರು.

ಈ ಎಣ್ಣೆಗಳು ವೈರಸ್ಸಿನಿಂದ ಬರುವ ಶೀತ, ಫ್ಲೂ, ಕೋವಿಡ್ ಮುಂತಾದ ಉಸಿರಾಟದ ಕಾಯಿಲೆಗಳನ್ನು ವಾಸಿ ಮಾಡುತ್ತವೆಯೇ? ಹಿತ ಕೊಡುವುದಕ್ಕೂ ರೋಗ ಕಳೆಯುವುದಕ್ಕೂ ಇರುವ ಅಂತರವೇನು? ಈ ಪಾಠದ ವಿಷಯ ಇದೇ. ಏಲಕ್ಕಿ, ಮೆಣಸು, ಶುಂಠಿ, ಅರಿಶಿನಗಳನ್ನು ಬೆಳೆಯುವ ನಮಗೆ ಇದು ಇಮ್ಮಡಿಯಾಗಿ ಸಂಬಂಧಿಸಿದ್ದು. ನಾವು ಈ ಎಣ್ಣೆಗಳನ್ನು ಬಳಸುವವರೂ ಹೌದು, ಅವುಗಳ ಕಚ್ಚಾ ಮಾಲನ್ನು ಬೆಳೆಯುವವರೂ ಹೌದು.

ಸುಗಂಧ ತೈಲವೆಂದರೇನು?

ಕೊಬ್ಬರಿ ಎಣ್ಣೆ, ಹುಚ್ಚೆಳ್ಳೆಣ್ಣೆಗಳನ್ನು ಗಾಣದಲ್ಲಿ ಹಿಂಡಿ ತೆಗೆಯುತ್ತೇವೆ. ಬಟ್ಟೆಯ ಮೇಲೆ ಒಂದು ತೊಟ್ಟು ಬಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಸುಗಂಧ ತೈಲ ಹಾಗಲ್ಲ. ಅದು ಗಾಳಿಗೆ ಹಾರಿಹೋಗುವ ಗುಣವುಳ್ಳದ್ದು. ಎಲೆ, ತೊಗಟೆ, ಬೀಜ ಅಥವಾ ಗೆಡ್ಡೆಯ ಮೂಲಕ ನೀರಿನ ಹಬೆಯನ್ನು ಹಾಯಿಸಿದಾಗ ಹಬೆಯೊಡನೆ ಅದೂ ಮೇಲೇಳುತ್ತದೆ. ಹಬೆಯನ್ನು ತಣಿಸಿದಾಗ ನೀರಿನ ಮೇಲೆ ತೇಲುವ ಪದರವನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ.

ನೀಲಗಿರಿ ಬೆಟ್ಟಗಳಿಗೆ ಆಸ್ಟ್ರೇಲಿಯದ ಈ ಮರ ಬಂದದ್ದು 1843ರ ಸುಮಾರಿಗೆ. ಸೌದೆಗೆಂದು ನೆಟ್ಟ ಮರದ ಎಲೆಯಿಂದ ಎಣ್ಣೆ ಬಟ್ಟಿ ಇಳಿಸುವ ಕಸುಬು ಮುಂದೆ ಅಲ್ಲಿ ಬೆಳೆಯಿತು. ಆ ಎಣ್ಣೆಯ ಮುಖ್ಯ ಅಂಶದ ಹೆಸರು ಸಿನಿಯೋಲ್. ನಮ್ಮ ಬಯಲು ಸೀಮೆಯಲ್ಲಿ ನೆಟ್ಟಿರುವ 'ಮೈಸೂರು ಗಮ್' ಎಂಬುದು ಅದೇ ಕುಲದ ಬೇರೆ ಜಾತಿ. ಆದ್ದರಿಂದ ಹೊಲದ ಬದುವಿನ ಮರದ ಎಲೆಯೂ ಊಟಿಯ ಎಲೆಯೂ ಒಂದೇ ಎಂದು ತಿಳಿಯಬಾರದು.

ನಮ್ಮ ತೋಟದಲ್ಲಿಯೂ ಇಂಥ ತೈಲಗಳು ಬೇಕಾದಷ್ಟಿವೆ. ಏಲಕ್ಕಿಯ ಪರಿಮಳದಲ್ಲಿ ನೀಲಗಿರಿ ಎಣ್ಣೆಯ ಅದೇ ಸಿನಿಯೋಲ್ ಧಾರಾಳವಾಗಿದೆ. ತುಳಸಿ ಮತ್ತು ಲವಂಗದಲ್ಲಿ ಯೂಜಿನಾಲ್, ಓಮದಲ್ಲಿ ಥೈಮಾಲ್, ಮಜ್ಜಿಗೆ ಹುಲ್ಲಿನಲ್ಲಿ ಸಿಟ್ರಾಲ್ ಇವೆ. ಅಜ್ಜಿ ಮಾಡುತ್ತಿದ್ದ ಕಷಾಯದ ಘಮ ಈ ಅಂಶಗಳದ್ದೇ. ಆದರೆ ಕಷಾಯಕ್ಕೂ ಸೀಸೆಯ ಎಣ್ಣೆಗೂ ಅಜಗಜಾಂತರವಿದೆ.

ಅಳತೆಯ ಲೆಕ್ಕ

ಹಸಿ ನೀಲಗಿರಿ ಎಲೆಯಲ್ಲಿ ಎಣ್ಣೆಯ ಅಂಶ ಸ್ಥೂಲವಾಗಿ ನೂರಕ್ಕೆ ಒಂದು ಪಾಲು. ಅಂದರೆ ಒಂದು ಕಿಲೊ ಎಲೆಯಿಂದ ಸುಮಾರು 10 ಮಿಲಿಲೀಟರ್ ಎಣ್ಣೆ ಬಂದೀತು. ಒಂದು ಚಹಾ ಚಮಚ ಹಿಡಿಸುವುದು 5 ಮಿಲಿಲೀಟರ್. ಹಾಗಾದರೆ ಒಂದು ಚಮಚ ಎಣ್ಣೆ ಅರ್ಧ ಕಿಲೊ ಎಲೆಯ ಸಾರ. ಅರ್ಧ ಕಿಲೊ ನೀಲಗಿರಿ ಎಲೆಯನ್ನು ಯಾರೂ ಅಗಿದು ನುಂಗಲಾರರು, ನಾಲಿಗೆಯೇ ತಡೆಯುತ್ತದೆ. ಸೀಸೆಯಲ್ಲಿ ಆ ತಡೆ ಇಲ್ಲ, ಒಂದೇ ಗುಟುಕಿಗೆ ಒಳಗೆ ಹೋಗುತ್ತದೆ. "ಗಿಡಮೂಲಿಕೆ, ಏನೂ ಆಗುವುದಿಲ್ಲ" ಎನ್ನುವ ಮಾತು ಎಲೆಗೆ ಒಂದಿಷ್ಟು ಹೊಂದೀತು, ಎಣ್ಣೆಗೆ ಸರ್ವಥಾ ಹೊಂದದು.

ಪ್ರಯೋಗಶಾಲೆಯಲ್ಲಿ ಗೆದ್ದದ್ದು ಎದೆಯಲ್ಲಿ ಗೆಲ್ಲುವುದೇ?

ಈ ತೈಲಗಳು ವೈರಸ್ಸನ್ನು ಕೊಲ್ಲುತ್ತವೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಗಾಜಿನ ತಟ್ಟೆಯಲ್ಲಿ ವೈರಸ್ಸಿನೊಡನೆ ನೇರವಾಗಿ ಬೆರೆಸಿದಾಗ ಹಲವು ಸುಗಂಧ ತೈಲಗಳು ಅದರ ಶಕ್ತಿ ಕುಂದಿಸಿರುವುದುಂಟು. ಫ್ಲೂ ವೈರಸ್ ಮತ್ತು ಕೊರೋನಾ ವೈರಸ್ಸಿಗೆ ಮೇಲೊಂದು ಕೊಬ್ಬಿನ ಹೊದಿಕೆ ಇರುತ್ತದೆ. ಎಣ್ಣೆಯ ಅಂಶಗಳು ಆ ಹೊದಿಕೆಯನ್ನು ಕೆಡಿಸಬಲ್ಲವು. ಸೋಪಿನಿಂದ ಕೈ ತೊಳೆದಾಗ ಆಗುವುದೂ ಬಹುಮಟ್ಟಿಗೆ ಇದೇ. ಹಾಗೆಂದು ಯಾರೂ ಸೋಪಿನ ನೀರು ಕುಡಿಯುವುದಿಲ್ಲವಷ್ಟೆ.

ಇಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು, ಸಾಮಾನ್ಯ ನೆಗಡಿಗೆ ಅತಿ ಹೆಚ್ಚಾಗಿ ಕಾರಣವಾದ ರೈನೋವೈರಸ್ಸಿಗೆ ಈ ಕೊಬ್ಬಿನ ಹೊದಿಕೆಯೇ ಇಲ್ಲ. ಎರಡನೆಯದು, ವೈರಸ್ ನಮ್ಮ ಜೀವಕೋಶದ ಒಳಗೆ ಹೊಕ್ಕು ಅಲ್ಲಿ ಬೆಳೆಯುತ್ತದೆ. ತಟ್ಟೆಯಲ್ಲಿ ತಗುಲಿದಷ್ಟು ಎಣ್ಣೆ ಅಲ್ಲಿಗೆ ತಲುಪಬೇಕಾದರೆ ಶ್ವಾಸಕೋಶದ ನವುರಾದ ಪೊರೆಯೇ ಮೊದಲು ಕೆಡುತ್ತದೆ. ಮೂರನೆಯದು, 2020ರಲ್ಲಿ ಬಂದ ಹಲವು ಸುದ್ದಿಗಳ ಮೂಲ ತಟ್ಟೆಯ ಪ್ರಯೋಗವೂ ಅಲ್ಲ. ಸಿನಿಯೋಲಿನಂಥ ಅಂಶ ಕೊರೋನಾ ವೈರಸ್ಸಿನ ಭಾಗಕ್ಕೆ ಅಂಟಿಕೊಂಡೀತೇ ಎಂದು ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕ ಅದು. ಇಂಥ ಲೆಕ್ಕ ಮುಂದಿನ ಸಂಶೋಧನೆಗೆ ದಾರಿ ತೋರಬಹುದೇ ಹೊರತು ಔಷಧಿಯ ಚೀಟಿಯಾಗಲಾರದು.

ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಬೋರ್ಡೋ ದ್ರಾವಣ ಹಿಂಗಾರ-ಗೊನೆಯ ಮೇಲೆ ಲೇಪವಾಗಿ ಕುಳಿತು ಕೊಳೆರೋಗವನ್ನು ತಡೆಯುತ್ತದೆ. ರೋಗ ಒಳಹೊಕ್ಕ ಮೇಲೆ ಎಷ್ಟು ಸಿಂಪಡಿಸಿದರೂ ಕೊಳೆತ ಕಾಯಿ ಮತ್ತೆ ಹಸುರಾಗದು. ಹೊರಗೆ ತಗುಲಿ ಕೊಲ್ಲುವುದು ಬೇರೆ, ಒಳಹೊಕ್ಕ ರೋಗವನ್ನು ವಾಸಿ ಮಾಡುವುದು ಬೇರೆ.

ಸಾಲು ಬಿಟ್ಟು ನೋಡುವ ಪರೀಕ್ಷೆ

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅದರ ಗುಣ ನಮಗೆ ಮನವರಿಕೆಯಾಗುವುದು ಹೇಗೆ? ಸಿಂಪಡಿಸಿದ ಮರವನ್ನೂ ಸಿಂಪಡಿಸದ ಮರವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ. ಮನುಷ್ಯರ ಔಷಧಿಗೂ ಇದೇ ನಿಯಮ. ನೆಗಡಿ ವಾರದಲ್ಲಿ ತಾನಾಗಿಯೇ ಇಳಿಯುವ ಕಾಯಿಲೆ. ಐದನೆಯ ದಿನ ಎಣ್ಣೆ ಮೂಸಿ ಏಳನೆಯ ದಿನ ಗುಣವಾದರೆ ಕೀರ್ತಿ ಎಣ್ಣೆಗೆ ಹೋಗುತ್ತದೆ. ಎಣ್ಣೆ ಮೂಸದವರ ಸಾಲನ್ನೂ ನೋಡಿದರೆ ಮಾತ್ರ ನಿಜ ತಿಳಿದೀತು.

ಹೀಗೆ ಸಾಲು ಬಿಟ್ಟು ನೋಡಿದ ಪರೀಕ್ಷೆಗಳು ಕೆಲವು ನಡೆದಿವೆ. 2004ರಲ್ಲಿ ಜರ್ಮನಿಯಲ್ಲಿ ಮೂಗಿನ ಸುತ್ತಲಿನ ಗೂಡುಗಳ ಉರಿಯೂತವಿದ್ದ 152 ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ದಿನಕ್ಕೆ ಮೂರು ಬಾರಿ 200 ಮಿಲಿಗ್ರಾಂ ಶುದ್ಧ ಸಿನಿಯೋಲನ್ನು ಗುಳಿಗೆಯಾಗಿ, ಇನ್ನೊಂದಕ್ಕೆ ಔಷಧಿಯಿಲ್ಲದ ಗುಳಿಗೆಯನ್ನು ಒಂದು ವಾರ ಕೊಟ್ಟರು. ಸಿನಿಯೋಲ್ ಪಡೆದವರಿಗೆ ತಲೆನೋವು, ಮೂಗು ಕಟ್ಟುವುದು ಹೆಚ್ಚು ಬೇಗ ಇಳಿಯಿತು. ಇದು ಒಳ್ಳೆಯ ಸುದ್ದಿಯೇ. ಆದರೆ ಅಲ್ಲಿ ಕೊಟ್ಟದ್ದು ಅಳೆದು ಶುದ್ಧಿ ಮಾಡಿದ ಔಷಧಿ, ಸಂತೆಯ ಸೀಸೆಯ ಎಣ್ಣೆಯಲ್ಲ. ಇಳಿದದ್ದು ರೋಗದ ಬಾಧೆ. ವೈರಸ್ ನಾಶವಾಯಿತೆಂದು ಅದರಿಂದ ಸಿದ್ಧವಾಗುವುದಿಲ್ಲ.

ಎದೆಗೆ ಹಚ್ಚುವ ಕರ್ಪೂರ-ಮೆಂಥಾಲ್-ನೀಲಗಿರಿ ಮುಲಾಮನ್ನು ಅಮೆರಿಕದ ಪೆನ್ಸಿಲ್ವೇನಿಯದ ವೈದ್ಯರು 138 ಮಕ್ಕಳ ಮೇಲೆ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರೆಲ್ಲರೂ 2ರಿಂದ 11 ವರ್ಷದವರು. ಮುಲಾಮು ಹಚ್ಚಿದ ಮಕ್ಕಳು, ಅವರ ಜೊತೆಗೆ ತಂದೆತಾಯಿಯರು, ಆ ರಾತ್ರಿ ಹೆಚ್ಚು ಚೆನ್ನಾಗಿ ನಿದ್ರೆ ಮಾಡಿದರು. ಚರ್ಮ, ಮೂಗು, ಕಣ್ಣು ಉರಿಯುವ ತೊಂದರೆಯೂ ಆ ಗುಂಪಿನಲ್ಲೇ ಹೆಚ್ಚಾಗಿತ್ತು. ಇಲ್ಲಿಯೂ ಸಿಕ್ಕಿದ್ದು ಒಂದು ರಾತ್ರಿಯ ಹಿತ. ಇನ್ನು ಬರಿಯ ಹಬೆ ತೆಗೆದುಕೊಳ್ಳುವ ಪರೀಕ್ಷೆಗಳಲ್ಲಿ ಒಂದು ಕಡೆ ಗುಣ ಕಂಡರೆ ಇನ್ನೊಂದು ಕಡೆ ಕಂಡಿಲ್ಲ.

ಇದಕ್ಕೆ ಹೋಲಿಸಿ ನೋಡಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಸಾವಿರಾರು ಕೋವಿಡ್ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧಿ ಕೃತಕ ಉಸಿರಾಟದ ಯಂತ್ರದಲ್ಲಿದ್ದವರ ಸಾವನ್ನು ಸುಮಾರು ಮೂರನೆಯ ಒಂದರಷ್ಟು ಇಳಿಸಿತು. ಪ್ರಾಣ ಉಳಿಸುವ ಔಷಧಿ ಎಂದರೆ ಹೀಗೆ ಲೆಕ್ಕದಲ್ಲಿ ಕಾಣಿಸಬೇಕು. ಯಾವ ಸುಗಂಧ ತೈಲವೂ ಕೋವಿಡ್‌ನಲ್ಲಾಗಲಿ ಫ್ಲೂನಲ್ಲಾಗಲಿ ಈವರೆಗೆ ಇಂಥ ಲೆಕ್ಕ ಕೊಟ್ಟಿಲ್ಲ.

'ಮೂಗು ಬಿಟ್ಟಿತು' ಎಂಬ ಅನುಭವ

"ಮೂಸಿದ ಕೂಡಲೇ ಉಸಿರು ಸಲೀಸಾಗುತ್ತದಲ್ಲ, ಅದು ಸುಳ್ಳೇ?" ಎಂದು ಕೇಳಬಹುದು. ಇದಕ್ಕೆ ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಉತ್ತರ ಕೊಡುತ್ತದೆ. ನೆಗಡಿಯಿದ್ದ 62 ಮಂದಿಯಲ್ಲಿ ಕೆಲವರಿಗೆ ಮೆಂಥಾಲ್ ಇರುವ ಗುಳಿಗೆಯನ್ನೂ ಉಳಿದವರಿಗೆ ಮೆಂಥಾಲ್ ಇಲ್ಲದ್ದನ್ನೂ ಕೊಟ್ಟು, ಮೂಗಿನಲ್ಲಿ ಗಾಳಿಗಿರುವ ಅಡ್ಡಿಯನ್ನು ಉಪಕರಣದಿಂದ ಅಳೆದರು. ಮೆಂಥಾಲ್ ಚೀಪಿದವರು ಮೂಗು ಬಿಟ್ಟಿತೆಂದರು. ಉಪಕರಣ ಮಾತ್ರ ಏನೂ ಬದಲಾಗಿಲ್ಲವೆಂದು ತೋರಿಸಿತು.

ಕಾರಣವಿಷ್ಟೆ. ನಮ್ಮ ಮೂಗಿನಲ್ಲಿ ತಂಪನ್ನು ಗುರುತಿಸುವ ನರಗಳಿವೆ. ಗಾಳಿ ಒಳಹೋದಾಗ ತಂಪಾಗುವುದರಿಂದ 'ತಂಪಾಯಿತೆಂದರೆ ಗಾಳಿ ಬಂತು' ಎಂದು ಮಿದುಳು ತಿಳಿಯುತ್ತದೆ. ಮೆಂಥಾಲ್ ಇದೇ ನರವನ್ನು ಮುಟ್ಟುತ್ತದೆ. ಗಾಳಿ ಹೆಚ್ಚಾಗದಿದ್ದರೂ ಹೆಚ್ಚಾದಂತೆ ತೋರುತ್ತದೆ. ಸಾಧಾರಣ ನೆಗಡಿಯಲ್ಲಿ ಈ ಹಿತದಿಂದ ನಷ್ಟವಿಲ್ಲ. ಕಾಯಿಲೆ ಶ್ವಾಸಕೋಶಕ್ಕೆ ಇಳಿದಾಗ ಇದೇ ಹಿತ ನಮ್ಮನ್ನು ಮೋಸಗೊಳಿಸುತ್ತದೆ.

2021ರ ಪೊಟ್ಟಣ

2021ರ ಏಪ್ರಿಲ್ ತಿಂಗಳಲ್ಲಿ, ಎರಡನೆಯ ಅಲೆ ಏರುತ್ತಿದ್ದಾಗ, ಕರ್ಪೂರ, ಲವಂಗ, ಓಮವನ್ನು ಬಟ್ಟೆಯಲ್ಲಿ ಕಟ್ಟಿ ನೀಲಗಿರಿ ಎಣ್ಣೆ ಹನಿಸಿ ಮೂಸುತ್ತಿದ್ದರೆ ರಕ್ತದ ಆಮ್ಲಜನಕ ಏರುತ್ತದೆ ಎಂಬ ಸಂದೇಶ ದೇಶದುದ್ದಕ್ಕೂ ಫೋನಿನಿಂದ ಫೋನಿಗೆ ಹರಿಯಿತು. ಆಮ್ಲಜನಕ ಏರುತ್ತದೆಂಬುದಕ್ಕೆ ಆಧಾರವಿರಲಿಲ್ಲ. ವೈದ್ಯರು ಅಲ್ಲವೆಂದರೂ ಪೊಟ್ಟಣ ನಿಲ್ಲಲಿಲ್ಲ.

ಆ ದಿನಗಳನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. 2021ರ ಮೇ 2ರ ರಾತ್ರಿಯಿಂದ 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಸರಬರಾಜು ಸಾಲದೆ ಹೋದ ಹೊತ್ತಿನಲ್ಲಿ 24 ರೋಗಿಗಳು ತೀರಿಕೊಂಡ ಸುದ್ದಿ ನಾಡನ್ನೇ ನಡುಗಿಸಿತು. ಆಸ್ಪತ್ರೆಗೆ ಹೋಗಲು ಜನ ಅಂಜಿದ್ದರೆ, ಮನೆಯ ಪೊಟ್ಟಣವನ್ನೇ ನಂಬಿದ್ದರೆ, ಅದನ್ನು ಮೂಢತನವೆಂದು ಹೀಯಾಳಿಸುವುದು ತರವಲ್ಲ. ಆದರೆ ಆ ರಾತ್ರಿಯಿಂದ ಕಲಿಯಬೇಕಾದ ಪಾಠ ಒಂದುಂಟು. ಆಮ್ಲಜನಕಕ್ಕೆ ಬದಲಿ ಆಮ್ಲಜನಕವೇ. ಅದನ್ನು ಸರ್ಕಾರ ಒದಗಿಸಬೇಕು, ನಾವು ಹೊತ್ತಿಗೆ ಮುಂಚೆ ಹೋಗಿ ಕೇಳಬೇಕು. ಪೊಟ್ಟಣ ಮೂಸುತ್ತಾ ಕಳೆದ ಎರಡು ದಿನ ಮರಳಿ ಬಾರದು.

ಅಪಾಯಗಳು

ನೀಲಗಿರಿ ಎಣ್ಣೆ ಮತ್ತು ಕರ್ಪೂರ ನರಗಳನ್ನು ಕೆರಳಿಸುವ ಪದಾರ್ಥಗಳು. ಹೆಚ್ಚಾದರೆ ಫಿಟ್ಸ್ ಬರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ದಕ್ಷಿಣ ಭಾರತದ ಇತರ ಆಸ್ಪತ್ರೆಗಳವರ ಜೊತೆ ಸೇರಿ ನಾಲ್ಕು ವರ್ಷ ಇದನ್ನು ಗಮನಿಸಿ 2021ರಲ್ಲಿ ವರದಿ ಪ್ರಕಟಿಸಿದ್ದಾರೆ. ಫಿಟ್ಸ್ ಬಂದು ದಾಖಲಾದ 350 ವಯಸ್ಕರನ್ನು ವಿಚಾರಿಸಿದಾಗ 55 ಮಂದಿಯಲ್ಲಿ ಇಂಥ ಎಣ್ಣೆ ಅಥವಾ ಮುಲಾಮಿನ ಸಂಬಂಧ ಕಂಡುಬಂತು. ಅವರೆಲ್ಲರೂ ಎಣ್ಣೆ ಕುಡಿದವರಲ್ಲ, ಮೂಸಿದವರೂ ಹಚ್ಚಿಕೊಂಡವರೂ ಇದ್ದರು. ಮೊದಲೇ ಮೂರ್ಛೆ ರೋಗವಿದ್ದವರಲ್ಲದೆ ಎಂದೂ ಫಿಟ್ಸ್ ಕಾಣದವರೂ ಅದರಲ್ಲಿದ್ದರು.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಚಹಾ ಚಮಚಕ್ಕಿಂತ ಕಡಿಮೆ ನೀಲಗಿರಿ ಎಣ್ಣೆ ಕುಡಿದರೂ ಪುಟ್ಟ ಮಗು ಮಂಪರಾಗಿ, ಫಿಟ್ಸ್ ಬಂದು, ಉಸಿರಿಗೆ ಕಷ್ಟವಾಗಬಹುದು. ದೇವರ ಮನೆಯ ಕರ್ಪೂರದ ಬಿಲ್ಲೆಯೂ ಹಾಗೆಯೇ; ಮಗುವಿನ ಬಾಯಿಗೆ ಎಟುಕಬಾರದು. ಆಸ್ತಮಾ ಇರುವವರಿಗೆ ಘಾಟು ಎಣ್ಣೆಯ ಹಬೆಯಿಂದ ಉಬ್ಬಸ ಕೆರಳಬಹುದು. ಇವೆಲ್ಲದರ ಮೇಲೆ ಕುದಿಯುವ ನೀರಿನ ಪಾತ್ರೆ. ಕಂಬಳಿ ಮುಸುಕಿನೊಳಗೆ ಅದು ಮಗುಚಿ ಮಕ್ಕಳ ಮೈ ಬೆಂದ ಪ್ರಕರಣಗಳು ಹಲವು ದೇಶಗಳ ಆಸ್ಪತ್ರೆಗಳಲ್ಲಿ ಇವೆ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮ

1. ಸುಗಂಧ ತೈಲವನ್ನು ಯಾವ ವಯಸ್ಸಿನವರೂ ಕುಡಿಯಕೂಡದು. ಸಕ್ಕರೆಗೆ ಹನಿಸಿ ನೆಕ್ಕುವುದು, ಮೂಗಿನೊಳಗೆ ಬಿಡುವುದು ಕೂಡದು.

2. ದೊಡ್ಡವರು ಕರವಸ್ತ್ರಕ್ಕೆ ಒಂದೆರಡು ತೊಟ್ಟು ಹಾಕಿ ಆಗಾಗ ದೂರದಿಂದ ಮೂಸಬಹುದು. ಮೂರ್ಛೆ ರೋಗ, ಆಸ್ತಮಾ ಇರುವವರು ಅದನ್ನೂ ಬಿಡುವುದು ಲೇಸು.

3. ಎರಡು ವರ್ಷದೊಳಗಿನ ಮಗುವಿಗೆ ಎಣ್ಣೆಯೂ ಬೇಡ, ಕರ್ಪೂರದ ಮುಲಾಮೂ ಬೇಡ. ಅದಕ್ಕಿಂತ ದೊಡ್ಡ ಮಕ್ಕಳಿಗೂ ಮುಲಾಮನ್ನು ಮೂಗು, ಬಾಯಿ, ಕಣ್ಣಿನ ಬಳಿ ಹಚ್ಚಬಾರದು.

4. ಮೆಣಸು, ಶುಂಠಿ, ತುಳಸಿಯ ಕಷಾಯವನ್ನು ಅಡುಗೆಯ ಪ್ರಮಾಣದಲ್ಲಿ ದೊಡ್ಡವರು ಕುಡಿಯಬಹುದು. ಗಂಟಲಿಗೆ ಹಿತ, ಮೈಗೆ ನೀರಿನಂಶ ಎರಡೂ ದೊರೆಯುತ್ತವೆ. ರಾತ್ರಿಯ ಕೆಮ್ಮಿಗೆ ಒಂದು ವರ್ಷ ದಾಟಿದ ಮಕ್ಕಳಿಗೆ ಒಂದು ಚಮಚ ಜೇನುತುಪ್ಪ ಒಳ್ಳೆಯದೆಂದು ಪರೀಕ್ಷೆಗಳೇ ಹೇಳುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರುವ ಜೇನು ನಮಗೆ ಹತ್ತಿರದಲ್ಲೇ ಇದೆ. ಒಂದು ವರ್ಷದೊಳಗಿನ ಶಿಶುವಿಗೆ ಮಾತ್ರ ಜೇನನ್ನು ನೆಕ್ಕಿಸಕೂಡದು.

5. ಎಣ್ಣೆಯ ಸೀಸೆಯನ್ನು ಮಕ್ಕಳಿಗೆ ಎಟುಕದ ಕಡೆ, ಬೀಗದೊಳಗೆ ಇಡಿ. ಟಾನಿಕ್ಕಿನ ಸೀಸೆಯ ಪಕ್ಕದಲ್ಲಿ ಇಡಬೇಡಿ.

6. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೊಕ್ಕರೆ ಕೇಡು ಹೆಚ್ಚು. 108ಕ್ಕೆ ಕರೆ ಮಾಡಿ, ಸೀಸೆಯನ್ನೂ ಹಿಡಿದು ಆಸ್ಪತ್ರೆಗೆ ಹೊರಡಿ. ಮಗು ಚೆನ್ನಾಗಿಯೇ ಕಂಡರೂ ಕಾಯುತ್ತ ಕೂರಬಾರದು.

ಉಸಿರು ಎಣಿಸುವುದನ್ನು ಕಲಿಯಿರಿ

ಸೀಸೆಗಿಂತ ನಂಬಿಕೆಗೆ ತಕ್ಕ ಸಾಧನವೊಂದು ಪ್ರತಿ ಮನೆಯಲ್ಲೂ ಇದೆ, ಅದೇ ಗಡಿಯಾರ. ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ-ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟಿರುವ ಲೆಕ್ಕ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಮಗು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ ಎಣಿಸುತ್ತ ಕೂರದೆ ಹೊರಡಬೇಕು.

ದೊಡ್ಡವರಲ್ಲಿ ವಿಶ್ರಾಂತಿಯಲ್ಲಿದ್ದಾಗಲೂ ನಿಮಿಷಕ್ಕೆ 24 ದಾಟುವ ಉಸಿರು, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಎದೆನೋವು, ಮಾತು ತಡವರಿಸುವುದು ಅಪಾಯದ ಗುರುತುಗಳು. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕದಲ್ಲಿ ಅಂಕಿ 94ಕ್ಕಿಂತ ಕೆಳಗೆ ಇಳಿದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಊರಿಗೆ ಇಂಥ ಒಂದೆರಡು ಮಾಪಕಗಳಿದ್ದರೆ ಹತ್ತಾರು ಮನೆಗೆ ಆದೀತು. ಸಹಕಾರದ ಅರ್ಥವೂ ಅದೇ ತಾನೆ? ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಬಸುರಿಯರು ಫ್ಲೂ ಮತ್ತು ಕೋವಿಡ್ ಲಸಿಕೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಫ್ಲೂ ಔಷಧಿ ಕಾಯಿಲೆ ಶುರುವಾದ ಮೊದಲ ಎರಡು ದಿನಗಳಲ್ಲಿ ಕೊಟ್ಟರೆ ಹೆಚ್ಚು ಗುಣಕಾರಿ. ಇದೂ ಬೇಗ ಹೋಗಬೇಕೆನ್ನಲು ಕಾರಣ.

ಬೆಳೆಗಾರರಾಗಿ ನಮ್ಮ ಹೊಣೆ

ಏಲಕ್ಕಿ, ಮೆಣಸು, ಅರಿಶಿನಗಳಿಗೆ ಅವುಗಳದೇ ಮರ್ಯಾದೆ ಇದೆ, ರುಚಿಗೆ, ಪರಿಮಳಕ್ಕೆ, ಊಟದ ಹಿತಕ್ಕೆ. 'ನಮ್ಮ ಮೆಣಸು ಕೊರೋನಾ ಓಡಿಸುತ್ತದೆ' ಎಂದು ಚೀಟಿ ಅಂಟಿಸಿ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತು. ಆದರೆ ಆ ಚೀಟಿ ನಂಬಿ ಆಸ್ಪತ್ರೆಗೆ ತಡವಾಗಿ ಹೋದವನ ಮನೆಯ ಕತ್ತಲೆಗೆ ನಾವೂ ಪಾಲುದಾರರಾಗುತ್ತೇವೆ. ಸಂಶೋಧನೆ ನಡೆಯಲಿ. ಮುಂದೊಂದು ದಿನ ನಮ್ಮ ತೋಟದ ಯಾವುದೋ ತೈಲದಿಂದ ನಿಜವಾದ ಔಷಧಿ ಹುಟ್ಟಲೂಬಹುದು. ಅದು ಸಾಲು ಬಿಟ್ಟು ನೋಡಿದ ಪರೀಕ್ಷೆಯಲ್ಲಿ ಗೆದ್ದು ಬರಲಿ. ಅಲ್ಲಿಯವರೆಗೆ ಎಣ್ಣೆಗೆ ಎಣ್ಣೆಯ ಕೆಲಸ, ವೈದ್ಯರಿಗೆ ವೈದ್ಯರ ಕೆಲಸ.

ಅಧ್ಯಯನ ಕೂಟದಲ್ಲಿ ಚರ್ಚಿಸಲು

1. ಒಂದು ಚಮಚ ನೀಲಗಿರಿ ಎಣ್ಣೆಗೆ ಎಷ್ಟು ಎಲೆ ಬೇಕು? ಈ ಲೆಕ್ಕದಿಂದ ನಮಗೆ ತಿಳಿಯುವುದೇನು?

2. ಎಣ್ಣೆ ಮೂಸಿದವರಿಗೆ ನೆಗಡಿ ವಾಸಿಯಾಯಿತೆಂದರೆ ಎಣ್ಣೆಯೇ ಕಾರಣವೆಂದು ಏಕೆ ಹೇಳಲಾಗದು?

3. ನಿಮ್ಮ ಮನೆಯಲ್ಲಿ ನೀಲಗಿರಿ ಎಣ್ಣೆ, ಕರ್ಪೂರ ಎಲ್ಲಿವೆ? ಮಗುವಿನ ಕೈಗೆ ಎಟುಕುತ್ತವೆಯೇ? ಇಂದೇ ಹೋಗಿ ನೋಡಿರಿ.

4. ಮನೆಯ ಒಬ್ಬರ ಉಸಿರನ್ನು ಒಂದು ನಿಮಿಷ ಎಣಿಸಿ ಬರೆದಿಡಿ. ಆರೋಗ್ಯವಾಗಿದ್ದಾಗಿನ ಎಣಿಕೆ ತಿಳಿದಿದ್ದರೆ ಕಾಯಿಲೆಯ ದಿನ ವ್ಯತ್ಯಾಸ ತಿಳಿಯುವುದು ಸುಲಭ.